ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲವೇ?

ಬಡವರ ಸ್ವಭಾವ ಹೀಗೆ ಎಂದು ಅಡ್ಡಗೋಡೆಯ ಮೇಲೆ ದೀಪವಿಡದೆ ಖಡಾಖಂಡಿತ ಹೇಳಿಬಿಡುವವರು ನಮ್ಮಲ್ಲಿ ಬಹಳ. ಅಂಥ ಕೆಲವು ಮಾತುಗಳನ್ನು ಅರ್ಥಶಾಸ್ತ್ರಜ್ಞರು ಊರೂರಿಗೆ ಹೋಗಿ ಪರೀಕ್ಷಿಸಿದ್ದಾರೆ. ಯಾವ ಊರಿಗೆ ಸೌಲಭ್ಯ, ಯಾವ ಊರಿಗೆ ಇಲ್ಲ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿ, ಆಮೇಲೆ ಎರಡನ್ನೂ ಹೋಲಿಸುವುದು ಅವರ ಪದ್ಧತಿ. ಈ ಕ್ರಮವನ್ನು ಬೆಳೆಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೀಮರ್ ಅವರಿಗೆ 2019ರಲ್ಲಿ ನೊಬೆಲ್ ಸಂದಿತು.

ತಪ್ಪು ಕಲ್ಪನೆ: ಪುಕ್ಕಟೆ ಕೊಟ್ಟರೆ ಬಳಸುವುದಿಲ್ಲ, ಸ್ವಲ್ಪವಾದರೂ ದುಡ್ಡು ಇಸಿದುಕೊಳ್ಳಬೇಕು.

ವಾಸ್ತವ: ಕೀನ್ಯಾದ ಗರ್ಭಿಣಿಯರ ತಪಾಸಣಾ ಕೇಂದ್ರಗಳಲ್ಲಿ ಮಲೇರಿಯಾ ತಡೆಯುವ ಸೊಳ್ಳೆ ಪರದೆಯನ್ನು ಕೆಲವೆಡೆ ಉಚಿತವಾಗಿ, ಕೆಲವೆಡೆ ಬೆಲೆಗೆ ಕೊಟ್ಟು ನೋಡಿದರು. ಬೆಲೆ ಸೊನ್ನೆಯಿಂದ 40 ಶಿಲ್ಲಿಂಗ್‌ಗೆ ಏರಿದ್ದೇ ತಡ, ಪರದೆ ಒಯ್ಯುವವರ ಪ್ರಮಾಣ 60 ಶೇಕಡಾಂಶದಷ್ಟು ಕುಸಿಯಿತು. 40 ಶಿಲ್ಲಿಂಗ್ ಎಂದರೆ ಆಗಿನ ಲೆಕ್ಕದಲ್ಲಿ ಅರ್ಧ ಡಾಲರ್‌ಗಿಂತ ತುಸು ಹೆಚ್ಚು, ಅಷ್ಟೆ. ಪುಕ್ಕಟೆ ಪಡೆದವರು ದುಡ್ಡು ಕೊಟ್ಟವರಷ್ಟೇ ಪರದೆ ಕಟ್ಟಿಕೊಂಡು ಮಲಗುತ್ತಿದ್ದರು.

ತಪ್ಪು ಕಲ್ಪನೆ: ಹಳ್ಳಿಯವರು ಮೂಢನಂಬಿಕೆಯಿಂದ ಮಕ್ಕಳಿಗೆ ಲಸಿಕೆ ಹಾಕಿಸುವುದಿಲ್ಲ.

ವಾಸ್ತವ: ರಾಜಸ್ಥಾನದ ಉದಯಪುರ ಜಿಲ್ಲೆಯ ಕಥೆ ಬೇರೆಯೇ ಇದೆ. ಅಲ್ಲಿ ಆರೋಗ್ಯ ಉಪಕೇಂದ್ರಕ್ಕೆ ನಡೆದು ಹೋದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ನರ್ಸಮ್ಮ ಸಿಗುತ್ತಿರಲಿಲ್ಲ ಎಂದು ಮೊದಲೊಂದು ಸಮೀಕ್ಷೆ ಕಂಡಿತ್ತು. ಕೂಲಿ ಬಿಟ್ಟು, ಕೂಸು ಎತ್ತಿಕೊಂಡು ಹೋಗಿ ಬೀಗ ನೋಡಿ ಬಂದ ತಾಯಿ ಇನ್ನೊಂದು ಸಲ ಯಾಕೆ ಹೋಗುತ್ತಾಳೆ? ಸೇವಾ ಮಂದಿರ ಸಂಸ್ಥೆಯ ಜೊತೆ ಸೇರಿ ಸಂಶೋಧಕರು 134 ಹಳ್ಳಿಗಳನ್ನು ಆರಿಸಿದರು. 30 ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ತಪ್ಪದೆ ಲಸಿಕೆ ಶಿಬಿರ. ನರ್ಸ್ ಬಂದದ್ದಕ್ಕೆ ದಿನಾಂಕ, ವೇಳೆ ಮೂಡಿದ ಫೋಟೊ ಸಾಕ್ಷಿ. ಇನ್ನೂ 30ರಲ್ಲಿ ಅದೇ ಶಿಬಿರ, ಜೊತೆಗೆ ಪ್ರತಿ ಚುಚ್ಚುಮದ್ದಿಗೆ ಒಂದು ಕಿಲೊ ಬೇಳೆ, ಎಲ್ಲ ಲಸಿಕೆ ಮುಗಿದ ಮೇಲೆ ಊಟದ ತಟ್ಟೆಗಳು. ಉಳಿದ ಹಳ್ಳಿಗಳು ಇದ್ದ ಹಾಗೆಯೇ ಇದ್ದವು.

ಏನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇ 6. ಬರೀ ಶಿಬಿರ ನಡೆಸಿದಲ್ಲಿ ಶೇ 18. ಬೇಳೆಯೂ ಇದ್ದಲ್ಲಿ ಶೇ 39. ಲಸಿಕೆಯ ಬಗ್ಗೆ ಹಗೆಯಿದ್ದರೆ ಒಂದು ಕಿಲೊ ಬೇಳೆಗೆ ಅದು ಕರಗುತ್ತಿರಲಿಲ್ಲ. ಇವತ್ತಿನ ಕೂಲಿ ಕಣ್ಣಮುಂದಿದೆ, ಬರಬಹುದಾದ ರೋಗ ಎಲ್ಲೋ ದೂರದಲ್ಲಿದೆ. ನಗರದಲ್ಲಿ ಸಕ್ಕರೆ ಕಾಯಿಲೆಯ ತಪಾಸಣೆಯನ್ನು ಮುಂದೂಡುವವರಿಗೂ ಇದು ಗೊತ್ತಿರುವ ಸಂಗತಿಯೇ. ಬೇಳೆ ಹಂಚುವುದು ದಂಡದ ಖರ್ಚು ಎನ್ನುವವರಿಗೆ ಇನ್ನೊಂದು ಲೆಕ್ಕ: ಬೇಳೆ ಕೊಟ್ಟ ಶಿಬಿರಗಳಲ್ಲಿ ಒಂದು ಮಗುವಿನ ಪೂರ್ತಿ ಲಸಿಕೆಗೆ ತಗಲಿದ ವೆಚ್ಚ ಬರೀ ಶಿಬಿರಕ್ಕಿಂತ ಅರ್ಧದಷ್ಟಾಯಿತು. ನರ್ಸಿನ ಸಂಬಳ ಹೇಗೂ ಕೊಡಲೇಬೇಕು. ಮಕ್ಕಳು ಹೆಚ್ಚು ಬಂದಷ್ಟೂ ತಲಾ ಖರ್ಚು ಇಳಿಯಿತು.

ತಪ್ಪು ಕಲ್ಪನೆ: ಕೈಗೆ ದುಡ್ಡು ಕೊಟ್ಟರೆ ಅದು ಹೆಂಡದಂಗಡಿಗೆ ಹೋಗುತ್ತದೆ.

ವಾಸ್ತವ: ಕರ್ನಾಟಕದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಗ್ಗೆಯೂ ಅರಳಿಕಟ್ಟೆಯಲ್ಲಿ ಈ ಮಾತು ಕೇಳುತ್ತದೆ. ನಗದು ನೆರವಿನ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ 19 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಮದ್ಯ, ತಂಬಾಕಿನ ಖರ್ಚು ಏರಿದ ಸುಳಿವು ಸಿಗಲಿಲ್ಲ.

ತಪ್ಪು ಕಲ್ಪನೆ: ಕಿರುಸಾಲ ಸಿಕ್ಕರೆ ಸಾಕು, ಬಡ ಕುಟುಂಬ ಮೇಲೇಳುತ್ತದೆ.

ವಾಸ್ತವ: ಇದು ಬಡವರ ಪರವಾಗಿರುವವರ ಕಲ್ಪನೆ. ಹೈದರಾಬಾದಿನ 104 ಬಡಾವಣೆಗಳಲ್ಲಿ ನಡೆದ ಅಧ್ಯಯನದಲ್ಲಿ ಮೊದಲೇ ವ್ಯಾಪಾರ ಇದ್ದ ಕೆಲವರು ಅದನ್ನು ವಿಸ್ತರಿಸಿದರು, ಕೆಲವರು ಮನೆಗೆ ಸಾಮಾನು ಕೊಂಡರು. ಒಟ್ಟಾರೆ ಮನೆಖರ್ಚು ಹೆಚ್ಚಲಿಲ್ಲ, ಮನೆಯಲ್ಲಿ ಹೆಂಗಸಿನ ಮಾತಿಗೆ ತೂಕವೂ ಬರಲಿಲ್ಲ. ಸಾಲ ಕೆಟ್ಟದ್ದೆಂದಲ್ಲ, ಆದರೆ ವಾರದ ಕಂತು ಕಟ್ಟಲು ವಾರವಾರ ಲಾಭ ತರುವ ಕಸುಬು ಎಲ್ಲರ ಕೈಯಲ್ಲೂ ಇರುವುದಿಲ್ಲ. ಕಂತು ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತರಬೇಕಾಯಿತು.

ತಪ್ಪು ಕಲ್ಪನೆ: ದೇಶ ಸಿರಿವಂತವಾದರೆ ಆರೋಗ್ಯ ತಾನೇ ಸುಧಾರಿಸುತ್ತದೆ.

ವಾಸ್ತವ: ಸಿರಿತನದಿಂದ ಅನುಕೂಲ ಇದ್ದೇ ಇದೆ. ಆದರೂ 1990ರಲ್ಲಿ ಶಿಶು ಮರಣದಲ್ಲಿ ಭಾರತಕ್ಕಿಂತ ಹಿಂದಿದ್ದ ಬಾಂಗ್ಲಾದೇಶ, ತಲಾ ಆದಾಯ ಭಾರತಕ್ಕಿಂತ ಕಡಿಮೆ ಇದ್ದಾಗಲೇ ಮುಂದೆ ಹೋಯಿತು. ಅಲ್ಲಿ 1980ರ ದಶಕದಲ್ಲಿ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ, ಭೇದಿಯಾದ ಮಗುವಿಗೆ ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಬೆರೆಸಿ ಕುಡಿಸುವುದನ್ನು ಕಲಿಸಿದರು. ಅವರ ಸಂಬಳ ಎಷ್ಟು ಮನೆ ಸುತ್ತಿದರು ಎಂಬುದರ ಮೇಲೆ ಇರಲಿಲ್ಲ. ಕೆಲವು ದಿನ ಬಿಟ್ಟು ಬೇರೊಬ್ಬರು ಹೋಗಿ ಕೇಳಿದಾಗ ತಾಯಂದಿರಿಗೆ ಎಷ್ಟು ನೆನಪಿರುತ್ತಿತ್ತೋ ಅದರ ಮೇಲೆ ದುಡ್ಡು ಸಿಗುತ್ತಿತ್ತು.