ಮನೆ ಬ್ಯಾಟರಿ ತಗೊಂಡ್ರಿ, ಸರಿ. ಅದನ್ನ ಚಾರ್ಜ್ ಮಾಡೋದು ಯಾವುದರಿಂದ?

ಇವತ್ತಿನ ಮಾತು ಒಂದರ ಮೇಲೊಂದು ಪೇರಿಸಿ ಜೋಡಿಸೋ ಲಿಥಿಯಂ ಬ್ಯಾಟರಿಗಳ ಬಗ್ಗೆ. ಯಾವ ಕಂಪನಿದು ತಗೋಬೇಕು ಅನ್ನೋ ಚರ್ಚೆಗೆ ನಾನು ಇಳಿಯಲ್ಲ. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಅದರೊಳಗೆ ಕರೆಂಟ್ ತುಂಬೋದು ಎಲ್ಲಿಂದ, ಯಾವ ವೇಗದಲ್ಲಿ, ಏನು ಖರ್ಚಲ್ಲಿ ಅನ್ನೋದು. ಲಕ್ಷದ ಲೆಕ್ಕದಲ್ಲಿ ದುಡ್ಡು ಹಾಕೋ ವಸ್ತು ಇದು, ತಗೊಳ್ಳೋಕೆ ಮುಂಚೆ ಅರ್ಧ ಗಂಟೆ ಲೆಕ್ಕ ಹಾಕಿದ್ರೆ ನಷ್ಟವಿಲ್ಲ.

ನಮ್ಮಂಥವರಲ್ಲಿ ಇದನ್ನ ಕೊಳ್ಳೋರು ಎರಡು ಥರ. ಒಬ್ಬರು ಪುಣೆ, ಹೈದರಾಬಾದ್ ಫ್ಲಾಟಲ್ಲಿ ಕೂತು ಮನೆಯಿಂದ ಕೆಲಸ ಮಾಡೋರು. ಇನ್ನೊಬ್ಬರು ಊರಲ್ಲಿರೋ ಅಪ್ಪ-ಅಮ್ಮನ ಮನೆಗೆ ಹಾಕಿಸೋರು. ನಾನು ಎರಡೂ ಹೌದು. ಇರೋದು ಪುಣೆ, ಅಪ್ಪ-ಅಮ್ಮ ಇರೋದು ಶಿರಸಿ ಕಡೆ. ಅಮ್ಮನ ಇನ್ಸುಲಿನ್ ಫ್ರಿಜ್‌ನಲ್ಲಿರುತ್ತೆ, ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಎರಡು ದಿನ ಕರೆಂಟ್ ಇರಲ್ಲ. ಹಾಗಾಗಿ ಈ ಲೆಕ್ಕ ನನಗೆ ಬರೀ ಗ್ಯಾಜೆಟ್ ಹುಚ್ಚಲ್ಲ.

ಮೊದಲು ಡಬ್ಬಿಯೊಳಗೆ ಏನಿದೆ ನೋಡೋಣ

ಸಾಮಾನ್ಯವಾಗಿ ಸಿಗೋ ಒಂದು ಮಾಡ್ಯೂಲ್‌ನಲ್ಲಿ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು 16 ಇರುತ್ತವೆ. ಒಂದೊಂದು 3.2 ವೋಲ್ಟ್, ಒಟ್ಟು 51.2 ವೋಲ್ಟ್. 100 ಆಂಪ್-ಅವರ್ ಆದ್ರೆ 5.12 ಯೂನಿಟ್. ಹಳೇ 12 ವೋಲ್ಟಿನ 150 ಆಂಪ್-ಅವರ್ ಬ್ಯಾಟರಿಯಲ್ಲಿ ಇರೋದು 1.8 ಯೂನಿಟ್, ಅದರಲ್ಲೂ ನೆಮ್ಮದಿಯಾಗಿ ಬಳಸಬಹುದಾದ್ದು ಹೆಚ್ಚುಕಡಿಮೆ ಅರ್ಧ.

ಸೆಲ್ ಒಂದಕ್ಕೆ 3.65 ವೋಲ್ಟ್ ಮೇಲಿನ ಮಿತಿ, ಅಂದ್ರೆ 16ಕ್ಕೆ 58.4. ದಿನಬಳಕೆಗೆ 56ರ ಆಸುಪಾಸು ಸಾಕು. ಇಲ್ಲೇ ಎಚ್ಚರ ಬೇಕು. ಮನೆಯಲ್ಲಿರೋ ಹಳೇ ಇನ್ವರ್ಟರ್‌ಗೇ ಈ ಡಬ್ಬಿ ಸಿಕ್ಕಿಸಿಬಿಡೋಣ ಅಂತ ಕೆಲವರು ಹೇಳ್ತಾರೆ. ಲೆಡ್ ಆಸಿಡ್ ಬ್ಯಾಟರಿಗೆ ಅಂತ ಮಾಡಿದ ಚಾರ್ಜರ್ ಆಗಾಗ ಈಕ್ವಲೈಸೇಶನ್ ಅಂತ ವೋಲ್ಟೇಜ್ ಏರಿಸುತ್ತೆ. ಅದು ಲಿಥಿಯಂಗೆ ಬೇಡವೇ ಬೇಡ. ಒಳಗಿನ ಬಿಎಂಎಸ್ ಕಾವಲುಗಾರನ ಥರ ಕೊನೇ ಗಳಿಗೆಯಲ್ಲಿ ಲೈನ್ ಕಡಿದುಹಾಕುತ್ತೆ ನಿಜ, ಆದ್ರೆ ದಿನಾ ಅದರ ಮೇಲೇ ಭಾರ ಹಾಕೋದು ಸರಿಯಲ್ಲ. ಇನ್ವರ್ಟರ್‌ನಲ್ಲಿ ಲಿಥಿಯಂ ಮೋಡ್ ಇರಬೇಕು. ಬ್ಯಾಟರಿ ಮತ್ತು ಇನ್ವರ್ಟರ್ ಮಧ್ಯೆ ಸಂವಹನದ ಕೇಬಲ್ ಹಾಕೋ ವ್ಯವಸ್ಥೆ ಇದ್ರೆ ಇನ್ನೂ ಒಳ್ಳೇದು. ಆಗ "ಇನ್ನು ಇಷ್ಟೇ ಆಂಪ್ ಕೊಡು" ಅಂತ ಬ್ಯಾಟರಿಯೇ ಹೇಳುತ್ತೆ.

ದಾರಿ 1: ಗ್ರಿಡ್

ಸುಲಭದ ದಾರಿ. 50 ಆಂಪ್‌ನಲ್ಲಿ ತುಂಬಿದ್ರೆ ಖಾಲಿ ಮಾಡ್ಯೂಲ್ ಸುಮಾರು ಎರಡು ಗಂಟೆಯಲ್ಲಿ ಫುಲ್. ಆದ್ರೆ 51.2 ವೋಲ್ಟ್ ಗುಣಿಸು 50 ಆಂಪ್ ಅಂದ್ರೆ 2,560 ವ್ಯಾಟ್. ನಷ್ಟ ಸೇರಿಸಿ ಗೋಡೆ ಕಡೆಯಿಂದ 2,800ಕ್ಕೂ ಜಾಸ್ತಿ, ಅಂದ್ರೆ 12 ಆಂಪ್ ಮೇಲೆ. 6 ಆಂಪ್ ಸಾಕೆಟ್ ಇದಕ್ಕೆ ಆಗಲ್ಲ, 16 ಆಂಪ್ ಬೇಕು. ಬೆಳಿಗ್ಗೆ ಗೀಸರ್ ಜೊತೆ ಇದೂ ಶುರುವಾದ್ರೆ ಎಂಸಿಬಿ ಬಿದ್ದೇ ಬೀಳುತ್ತೆ. ಅವಸರವೇನೂ ಇಲ್ಲ ಅಂದ್ರೆ 25 ಆಂಪ್‌ಗೆ ಇಳಿಸಿ. ನಾಲ್ಕು ಗಂಟೆ ಆಗುತ್ತೆ, ವೈರಿಗೂ ಸೆಲ್ಲಿಗೂ ತಂಪು.

ಈಗ ದುಡ್ಡಿನ ಮಾತು. ಹಗಲು ಅಗ್ಗ, ಸಂಜೆ ದುಬಾರಿ ಅನ್ನೋ ಸಮಯಾಧಾರಿತ ದರ ಸ್ಮಾರ್ಟ್ ಮೀಟರ್ ಜೊತೆ ಬರ್ತಾ ಇದೆ. ಹಗಲು ತುಂಬಿ ಸಂಜೆ ಬಳಸಿ ಉಳಿಸಬಹುದಲ್ವಾ ಅಂತ ಕೇಳೋರಿದ್ದಾರೆ. ಲೆಕ್ಕ ಹಾಕೋಣ. ಮಾಮೂಲಿ ದರ 8 ರೂಪಾಯಿ ಅಂದ್ಕೊಳ್ಳಿ. ಹಗಲು ಶೇ. 20 ಕಡಿಮೆ ಅಂದ್ರೆ 6.40. ಸಂಜೆ ಶೇ. 10 ಜಾಸ್ತಿ ಅಂದ್ರೆ 8.80. ತುಂಬೋವಾಗ, ತೆಗೆಯೋವಾಗ ಸೇರಿ ಶೇ. 15 ನಷ್ಟ. ಹಾಗಾಗಿ ಸಂಜೆ ಒಂದು ಯೂನಿಟ್ ಸಿಗೋಕೆ ಹಗಲು 1.18 ಯೂನಿಟ್ ಬೇಕು, ಖರ್ಚು 7.53. ಉಳಿತಾಯ ಯೂನಿಟ್‌ಗೆ 1.27 ರೂಪಾಯಿ. ದಿನಕ್ಕೆ 4.5 ಯೂನಿಟ್ ಹೀಗೆ ಓಡಿಸಿದ್ರೂ ವರ್ಷಕ್ಕೆ ಎರಡು ಸಾವಿರ ಚಿಲ್ಲರೆ. ಲಕ್ಷ ರೂಪಾಯಿ ವಾಪಸ್ ಬರೋಕೆ 50 ವರ್ಷದ ಹತ್ತಿರ! ಬರೀ ಬಿಲ್ ಉಳಿಸೋಕೆ ಬ್ಯಾಟರಿ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಈ ಲೆಕ್ಕ ಅವರ ಮುಂದಿಡಿ.

ದಾರಿ 2: ಸೋಲಾರ್

ಸ್ವಂತ ಚಾವಣಿ ಇದ್ರೆ ಇದೇ ಸರಿಯಾದ ದಾರಿ. 540 ವ್ಯಾಟಿನ ಎರಡು ಪ್ಯಾನಲ್ ಒಳ್ಳೇ ಬಿಸಿಲಲ್ಲಿ ದಿನಕ್ಕೆ 4 ಯೂನಿಟ್ ಹತ್ತಿರ ಕೊಡುತ್ತವೆ, ಅಂದ್ರೆ ಒಂದು ಮಾಡ್ಯೂಲ್ ಬಹುಪಾಲು ತುಂಬುತ್ತೆ. ಆದ್ರೆ ಎಷ್ಟು ಪ್ಯಾನಲ್ ಸರಣಿಯಲ್ಲಿ ಅನ್ನೋದು ನೋಡಿಯೇ ಹಾಕಬೇಕು. ಇಂಥ ಪ್ಯಾನಲ್‌ನ ಓಪನ್ ಸರ್ಕ್ಯೂಟ್ ವೋಲ್ಟೇಜ್ 49.5 ಅಂದ್ಕೊಳ್ಳಿ. ಚಾರ್ಜರ್ ಮಿತಿ 150 ವೋಲ್ಟ್ ಇದ್ರೆ ಮೂರು ಹಾಕಿದ್ರೆ 148.5, ಸರಿಹೋಯ್ತು ಅನ್ಸುತ್ತೆ. ಆದ್ರೆ ಆ ಅಂಕಿ 25 ಡಿಗ್ರಿಯದ್ದು. ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತೆ, ಡಿಗ್ರಿಗೆ ಸುಮಾರು ಶೇ. 0.27. ದೆಹಲಿಯ ಜನವರಿ ಬೆಳಿಗ್ಗೆ 5 ಡಿಗ್ರಿ ಇದ್ರೆ ಅದು 156 ದಾಟುತ್ತೆ, ಚಾರ್ಜರ್ ಸುಟ್ಟುಹೋಗುತ್ತೆ. 20 ಡಿಗ್ರಿಯ ಹೈದರಾಬಾದ್‌ನಲ್ಲೂ 150 ಮುಟ್ಟುತ್ತೆ. ಹಾಗಾಗಿ ಎರಡೇ ಪ್ಯಾನಲ್ ಸರಣಿ.

ಇನ್ನೊಂದು ತಪ್ಪು ಕಲ್ಪನೆ ಇದೆ. ನೆಟ್ ಮೀಟರಿಂಗ್ ಸೋಲಾರ್ ಈಗಾಗಲೇ ಇದ್ದೋರು ಕರೆಂಟ್ ಹೋದಾಗಲೂ ಅದು ನಡೆಯುತ್ತೆ ಅಂದ್ಕೋತಾರೆ. ನಡೆಯಲ್ಲ. ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮ್ಯಾನ್‌ಗೆ ಶಾಕ್ ಹೊಡೀಬಾರದು ಅಂತ ಗ್ರಿಡ್ ಹೋದ ಕೂಡಲೇ ಆ ಇನ್ವರ್ಟರ್ ನಿಲ್ಲುತ್ತೆ. ಕರೆಂಟ್ ಇಲ್ಲದಾಗಲೂ ಬ್ಯಾಟರಿ ಬಿಸಿಲಲ್ಲಿ ತುಂಬಬೇಕಾದ್ರೆ ಹೈಬ್ರಿಡ್ ಇನ್ವರ್ಟರ್ ಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಆದ್ರೆ ಆ ಲೆಕ್ಕ ಪ್ಯಾನಲ್‌ನ ಕಿಲೋವ್ಯಾಟ್‌ದು, ಬ್ಯಾಟರಿಗೆ ಬೇರೆ ದುಡ್ಡಿಲ್ಲ.

ದಾರಿ 3: ಜನರೇಟರ್

ಫ್ಲಾಟಿನೋರು ಇದನ್ನ ಗಮನಿಸಲೇಬೇಕು. ಸೊಸೈಟಿಯ ಡಿಜಿ ಶುರುವಾದಾಗ ನಿಮ್ಮ ಇನ್ವರ್ಟರ್‌ಗೆ ಅದು ಗ್ರಿಡ್ಡೋ ಡಿಜಿಯೋ ಗೊತ್ತಾಗಲ್ಲ. ಕರೆಂಟ್ ಬಂತು ಅಂತ ಪೂರ್ತಿ ವೇಗದಲ್ಲಿ ಎಳೆಯೋಕೆ ಶುರು ಮಾಡುತ್ತೆ. ಡಿಜಿ ಲೈನ್‌ಗೆ ಫ್ಲಾಟಿಗೆ ಇಷ್ಟೇ ಅಂತ ಮಿತಿ ಇದ್ರೆ ಮನೆ ಕತ್ತಲು. ಮಿತಿ ಇಲ್ಲದಿದ್ರೆ ಬಿಲ್ಲು. ಒಂದು ಲೀಟರ್ ಡೀಸೆಲ್‌ಗೆ ಸುಮಾರು 3 ಯೂನಿಟ್ ಬರುತ್ತೆ, ಲೀಟರ್ 90 ರೂಪಾಯಿ ಅಂದ್ರೂ ಇಂಧನವೇ ಯೂನಿಟ್‌ಗೆ 30. ಎಲೆಕ್ಟ್ರಿಷಿಯನ್‌ಗೆ ಹೇಳಿ ಚಾರ್ಜಿಂಗ್ ಡಿಜಿ ಲೈನ್‌ನಿಂದ ಆಗದ ಹಾಗೆ ಮಾಡಿಸಿ, ಇಲ್ಲಾ ಆಂಪ್ ಕಡಿಮೆ ಇಡಿ.

ಊರಿನ ಮನೆಗೆ ಮಾತ್ರ ಲೆಕ್ಕ ಬೇರೆ. ಲೈನ್ ಹೋದಾಗ ನಮ್ಮನೆಗೆ ಬೇಕಾದ್ದು ಇಷ್ಟು: ಫ್ರಿಜ್ ದಿನಕ್ಕೆ ಸುಮಾರು 1 ಯೂನಿಟ್, ಲೈಟು-ಫ್ಯಾನು-ರೌಟರ್ ಅರ್ಧ. ಇದರ ಮೇಲೆ ಇನ್ವರ್ಟರ್ ತಾನೇ ಸುಮ್ಮನೆ ಆನ್ ಇರೋಕೆ 40 ವ್ಯಾಟ್ ತಿನ್ನುತ್ತೆ, ಅದೇ ದಿನಕ್ಕೆ 1 ಯೂನಿಟ್! ಒಟ್ಟು 2.5. ಅಂದ್ರೆ ಒಂದು ಮಾಡ್ಯೂಲ್ ಎರಡು ದಿನಕ್ಕೆ ಕಷ್ಟಪಟ್ಟು ಬರುತ್ತೆ. ಮಲೆನಾಡ ಜುಲೈನಲ್ಲಿ ಬಿಸಿಲನ್ನ ನಂಬೋ ಹಾಗಿಲ್ಲ. ಅದಕ್ಕೆ ಮಳೆಗಾಲದ ನಾಲ್ಕು ತಿಂಗಳು ನಾನು ಆ ಇನ್ವರ್ಟರ್‌ನ ಸೆಟ್ಟಿಂಗ್ ಬದಲಾಯಿಸಿಡ್ತೀನಿ: ಕರೆಂಟ್ ಇದ್ದಾಗೆಲ್ಲ ಗ್ರಿಡ್‌ನಿಂದ ತುಂಬಿಸಿಟ್ಟುಕೊ, ಗ್ರಿಡ್ ಇರೋವಾಗ ಬ್ಯಾಟರಿ ಮುಟ್ಟಬೇಡ. ಬೇಸಿಗೆಯಲ್ಲಿ ಮತ್ತೆ ಸೋಲಾರ್ ಮೊದಲು. ಮೂರನೇ ದಿನಕ್ಕೆ 2 ಕೆವಿಎ ಸಣ್ಣ ಜನರೇಟರ್ ಇದೆ. ಚಾರ್ಜಿಂಗ್ 20 ಆಂಪ್‌ಗೆ ಇಟ್ರೆ ಅದರ ಮೇಲೆ ಬೀಳೋದು 1,100 ವ್ಯಾಟ್ ಚಿಲ್ಲರೆ, ನಾಲ್ಕು ಗಂಟೆಯಲ್ಲಿ 4 ಯೂನಿಟ್. ಜನರೇಟರ್ ಯಾವತ್ತೂ ಹೊರಗೇ ಇರಬೇಕು. ಮಳೆ ಅಂತ ಕೊಟ್ಟಿಗೆಗೋ ಜಗಲಿಗೋ ತಂದ್ರೆ ಅದರ ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತೆ.

ಎರಡನೇ ಡಬ್ಬಿ ಸೇರಿಸೋವಾಗ

ಹೊಸ ಮಾಡ್ಯೂಲನ್ನ ಹಾಗೇ ಪಕ್ಕದಲ್ಲಿಟ್ಟು ಸಮಾನಾಂತರವಾಗಿ ಜೋಡಿಸಬೇಡಿ. ಎರಡರ ಮಧ್ಯೆ 2 ವೋಲ್ಟ್ ವ್ಯತ್ಯಾಸ ಇದ್ದು, ದಾರಿಯ ರೆಸಿಸ್ಟೆನ್ಸ್ 0.04 ಓಮ್ ಇದ್ರೆ, ಚಾರ್ಜರ್ ಇಲ್ಲದೆಯೇ ಒಂದರಿಂದ ಇನ್ನೊಂದಕ್ಕೆ 50 ಆಂಪ್ ನುಗ್ಗುತ್ತೆ. ಮೊದಲು ಎರಡನ್ನೂ ಬೇರೆ ಬೇರೆ ಫುಲ್ ಮಾಡಿ, ವೋಲ್ಟೇಜ್ ಸಮ ಆದ ಮೇಲೆ ಜೋಡಿಸಿ. ಕೇಬಲ್‌ಗಳ ಉದ್ದ ಒಂದೇ ಇರಲಿ, ಇಲ್ಲದಿದ್ರೆ ಹತ್ತಿರದ ಡಬ್ಬಿಯೇ ಜಾಸ್ತಿ ದುಡಿದು ಬೇಗ ಸೊರಗುತ್ತೆ. ಚಳಿ ಊರಿನೋರಿಗೆ ಒಂದು ಮಾತು: ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಸೆಲ್‌ಗಳನ್ನ ಚಾರ್ಜ್ ಮಾಡಬಾರದು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಪೂರ್ತಿ ತುಂಬೋಕೆ ಬಿಡಿ. ಆಗಲೇ ಸೆಲ್‌ಗಳು ಸಮ ಆಗೋದು, ಪರದೆ ಮೇಲಿನ ಶೇಕಡಾ ಅಂಕಿನೂ ನಂಬೋ ಹಾಗಾಗೋದು.

ಒಟ್ಟಲ್ಲಿ, ಫ್ಲಾಟಲ್ಲಿದ್ರೆ ಗ್ರಿಡ್‌ನಿಂದ ನಿಧಾನಕ್ಕೆ ತುಂಬಿ, ಡಿಜಿಯಿಂದ ದೂರ ಇಡಿ. ಸ್ವಂತ ಮನೆ ಆದ್ರೆ ಸೋಲಾರ್ ಜೊತೆ ಹೈಬ್ರಿಡ್. ಊರಿನ ಮನೆ ಆದ್ರೆ ಋತುವಿಗೆ ತಕ್ಕ ಹಾಗೆ ಸೆಟ್ಟಿಂಗ್ ಬದಲಾಯಿಸಿ, ಆ ಎರಡು ಬಟನ್ ಅಪ್ಪ-ಅಮ್ಮಂಗೂ ಕಲಿಸಿಕೊಡಿ. ನಾವು ಇರೋದು ನೂರಾರು ಕಿಲೋಮೀಟರ್ ದೂರ, ಲೈನ್ ಹೋದ ದಿನ ಫೋನೂ ಸಿಗಲ್ಲ.