ಚಿತ್ರದುರ್ಗದ ಕೋಟೆ: ಅಂದು, ಇಂದು

ಕೋಟೆ ಅಂದ ಕೂಡಲೇ ನಮಗೆ ನೆನಪಾಗುವುದು ಯುದ್ಧ. ಕತ್ತಿ, ಗುರಾಣಿ, ಫಿರಂಗಿ. ಆದರೆ ಯುದ್ಧ ದಿನಾ ನಡೆಯುತ್ತಿತ್ತೇ? ಇಲ್ಲ. ಅಡುಗೆ ಮಾತ್ರ ದಿನಾ ಆಗಬೇಕಿತ್ತು. ಕೋಟೆಯೊಳಗೆ ಅರಸರಷ್ಟೇ ಅಲ್ಲ, ಸೈನಿಕರು, ಅವರ ಹೆಂಡತಿ ಮಕ್ಕಳು ಎಲ್ಲ ಇದ್ದರು. ಇಷ್ಟು ಜನಕ್ಕೆ ನೀರು ಎಲ್ಲಿಂದ ಬರುತ್ತಿತ್ತು? ಕಾಳು ಎಲ್ಲಿಡುತ್ತಿದ್ದರು? ಬನ್ನಿ, ಚಿತ್ರದುರ್ಗದ ಕೋಟೆಗೆ ಹೋಗಿ ನೋಡೋಣ.

ಈ ಊರಿನ ಹಳೆಯ ಹೆಸರು ಬೆಮ್ಮತ್ತನಕಲ್ಲು. ಎಲ್ಲಿ ನೋಡಿದರೂ ದೊಡ್ಡ ದೊಡ್ಡ ಬಂಡೆಗಳು. ಬಂಡೆಗಳ ನಡುವೆ ಹಿಡಿಂಬೇಶ್ವರನಂಥ ಹಳೆಯ ಗುಡಿಗಳು. 1568ರ ಹೊತ್ತಿಗೆ ತಿಮ್ಮಣ್ಣ ನಾಯಕ ಇಲ್ಲಿ ಪಾಳೇಗಾರನಾದ. ಆಮೇಲೆ ಇನ್ನೂರು ವರ್ಷ ನಾಯಕರೇ ಆಳಿದರು. ಒಬ್ಬರಾದ ಮೇಲೆ ಒಬ್ಬರು ಕೋಟೆಯನ್ನು ಬೆಳೆಸುತ್ತಾ ಹೋದರು. ಅದಕ್ಕೇ 'ಏಳು ಸುತ್ತಿನ ಕೋಟೆ' ಅಂತಾರೆ. ಬಾಗಿಲ ದಾರಿ ನೆಟ್ಟಗಿಲ್ಲ, ಹಾವಿನ ಹಾಗೆ ತಿರುಗುತ್ತದೆ. ವೈರಿಯ ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದಲ್ಲ!

ನಮಗೆ ಬಹಳ ಮೆಚ್ಚುಗೆಯಾದದ್ದು ನೀರಿನ ಏರ್ಪಾಡು. ಬೆಟ್ಟದ ಮೇಲೆ ಹೊಳೆ ಇಲ್ಲ. ಈ ಸೀಮೆಯಲ್ಲಿ ಮಳೆಯೂ ಕಡಿಮೆ. ಬಂಡೆಯ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಜಾರಿ ಹೋಗುತ್ತದೆ. ಹಾಗೆ ಜಾರುವ ನೀರನ್ನೇ ಅವರು ಹಿಡಿದು ನಿಲ್ಲಿಸಿದರು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಕೋಡಿ ಬಿದ್ದರೆ ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ. ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಒಂದು ಹನಿಯೂ ದಂಡವಾಗಬಾರದು ಅಂತ ಲೆಕ್ಕ. ಒಂದು ಬಿಂದಿಗೆ ನೀರಿಗೆ ಮೈಲಿ ನಡೆದವರಿಗೆ ಇದರ ಬೆಲೆ ಗೊತ್ತು. ವೈರಿ ಹೊರಗೆ ಮುತ್ತಿಗೆ ಹಾಕಿ ಕೂತಾಗ ಒಳಗಿನವರನ್ನು ಉಳಿಸಿದ್ದು ಕಲ್ಲಿನ ಗೋಡೆಯಷ್ಟೇ ಅಲ್ಲ, ಈ ಹೊಂಡಗಳೂ ಹೌದು.

ಕಾಳಿಗೆ ಕಣಜಗಳಿದ್ದವು. ಎಣ್ಣೆಗೆ ಎಣ್ಣೆಕೊಳ. ಬೆಟ್ಟದ ಒಂದು ಜಾಗಕ್ಕೆ 'ತುಪ್ಪದ ಕೊಳ' ಅಂತಲೇ ಹೆಸರು. ಒಂದು ಕಡೆ ಆಳವಾದ ಗುಂಡಿಯಲ್ಲಿ ಭಾರಿ ಬೀಸುವ ಕಲ್ಲುಗಳಿವೆ. ಮನುಷ್ಯರ ಕೈಯಲ್ಲಿ ತಿರುಗುವಂಥವಲ್ಲ. ಅಲ್ಲಿ ಬೀಸುತ್ತಿದ್ದದ್ದು ರಾಗಿಯಲ್ಲ, ಫಿರಂಗಿಯ ಮದ್ದು ಅಂತಾರೆ.

ಓಬವ್ವನ ಕಥೆಯೂ ನೀರಿನಿಂದಲೇ ಶುರುವಾಗುತ್ತದೆ. ಆಗ ಮದಕರಿ ನಾಯಕನ ಆಳ್ವಿಕೆ. ಹೈದರಾಲಿಯ ಸೈನ್ಯ ಮುತ್ತಿಗೆ ಹಾಕಿತ್ತು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ. ನೀರು ತರಲು ಹೋದ ಓಬವ್ವನಿಗೆ ಬಂಡೆಯ ಕಿಂಡಿಯಲ್ಲಿ ಪಿಸುಮಾತು ಕೇಳಿಸಿತು. ವೈರಿಗಳು ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದರು. ಉಣ್ಣುವ ಗಂಡನನ್ನು ಆಕೆ ಎಬ್ಬಿಸಲಿಲ್ಲ. ಭತ್ತ ಕುಟ್ಟುವ ಒನಕೆ ತಂದಳು. ತಲೆ ಹೊರಗೆ ಬಂದಂತೆಲ್ಲ ಕುಟ್ಟಿದಳು. ಕೊನೆಗೆ ತಾನೂ ಅಲ್ಲೇ ಪ್ರಾಣ ಬಿಟ್ಟಳು. ಜನ ಇದನ್ನು ಬಾಯಿಂದ ಬಾಯಿಗೆ ಹೇಳಿ ಉಳಿಸಿದರು. 1972ರ 'ನಾಗರಹಾವು' ಸಿನಿಮಾದಲ್ಲಿ ಓಬವ್ವನಾಗಿ ಜಯಂತಿ ಬಂದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವನ ಜಯಂತಿ ಆಚರಿಸುತ್ತಿದೆ.

1779ರಲ್ಲಿ ಕೋಟೆ ಹೈದರಾಲಿಯ ಕೈ ಸೇರಿತು. ಮದಕರಿ ನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅರಸರ ಮನೆಯಾಗಿದ್ದ ಕೋಟೆ ಬರೀ ಸೈನ್ಯದ ಠಾಣೆಯಾಯಿತು. 1799ರಲ್ಲಿ ಟಿಪ್ಪು ಮಡಿದ. ಸ್ವಲ್ಪ ಕಾಲ ಇಂಗ್ಲಿಷರ ಸೈನಿಕರು ಇಲ್ಲಿದ್ದರು. ಆಮೇಲೆ ಕೋಟೆ ಮೈಸೂರು ಸರ್ಕಾರಕ್ಕೆ ಬಂತು. ಅಷ್ಟು ಹೊತ್ತಿಗೆ ಯುದ್ಧದ ರೀತಿಯೇ ಬದಲಾಗಿತ್ತು. ಬೆಟ್ಟದ ಕೋಟೆ ಯಾರಿಗೂ ಬೇಡವಾಯಿತು.

ಈಗ ಅದನ್ನು ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಟಿಕೆಟು ಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆಯ ಮಣ್ಣಿನ ಗೋಡೆಗಳು ಮಾಡು ಇಲ್ಲದೆ ಇನ್ನೂ ನಿಂತಿವೆ. ನಾಯಕರ ದೇವತೆ ಏಕನಾಥೇಶ್ವರಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಬಂಡೆಗಳ ಮೇಲೆ ಕೆಲವರು ತಮ್ಮ ಹೆಸರು ಗೀಚಿದ್ದಾರೆ. ಅದು ಕಾನೂನಿನ ಪ್ರಕಾರ ತಪ್ಪು. ಹೆಸರು ಬರೆಯಲು ನಮಗೆ ಸ್ಲೇಟು, ಪುಸ್ತಕ ಇವೆಯಲ್ಲ!

ಹೋಗುವವರು ಬೆಳಿಗ್ಗೆಯೇ ಹತ್ತಿ. ಬಿಸಿಲೇರಿದರೆ ಬಂಡೆ ಕಾದು ಕಾಲು ಸುಡುತ್ತದೆ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಹೊಂಡದ ನೀರು ಈಗ ಕುಡಿಯಲು ಬರುವುದಿಲ್ಲ.