ಅಕ್ಷರದೊಳಗಿನ ನೀಲಿ: ಕುಪ್ರೊರಿವೈಟ್ ಗುರುತಿಸುವುದು ಹೇಗೆ?

ಶಾಸನ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಬರೀ ಕಲ್ಲಿನ ಬಣ್ಣ. ಕೊರೆದ ಅಕ್ಷರದೊಳಗೂ ಬಣ್ಣ ಇದ್ದಿರಬಹುದು ಅನ್ನೋದು ನನಗೆ ಬಹಳ ವರ್ಷ ಹೊಳೆದೇ ಇರಲಿಲ್ಲ. ಅದನ್ನು ಕಲಿಸಿದ್ದು ಈಜಿಪ್ಟಿನ ಒಂದು ಶವಪೆಟ್ಟಿಗೆ.

ಫೇರೋ ಮೊದಲನೇ ಸೇತಿಯ ಈ ಪೆಟ್ಟಿಗೆಯನ್ನು ಬೆಲ್ಜೋನಿ 1817ರಲ್ಲಿ ಪತ್ತೆ ಮಾಡಿದ. ಈಗ ಅದು ಲಂಡನ್ನಿನ ಸರ್ ಜಾನ್ ಸೋನ್ ಮ್ಯೂಸಿಯಂನಲ್ಲಿದೆ. ಬಿಳಿಯ ಅಲಬಾಸ್ಟರ್ ಕಲ್ಲಿನ ಒಳಗೂ ಹೊರಗೂ ಚಿತ್ರಲಿಪಿ ಕೊರೆದು, ಆ ಗೀರುಗಳಿಗೆ ನೀಲಿ ತುಂಬಿದ್ದರು. ಬಹುಪಾಲು ನೀಲಿ ಉದುರಿಹೋಗಿದೆ. ಅಲ್ಲಲ್ಲಿ ಉಳಿದ ಚೂರುಗಳೇ ಈಗ ಸಾಕ್ಷಿ.

ಏನಿದು ಈ ನೀಲಿ?

ಇದರ ಹೆಸರು ಈಜಿಪ್ಷಿಯನ್ ನೀಲಿ. ರಾಸಾಯನಿಕವಾಗಿ ಕ್ಯಾಲ್ಸಿಯಂ ತಾಮ್ರ ಸಿಲಿಕೇಟ್. ಬೆಣಚು ಮರಳು, ಸುಣ್ಣ, ತಾಮ್ರದ ಅದಿರು ಅಥವಾ ಕಂಚಿನ ಚೂರು, ಜೊತೆಗೆ ಸ್ವಲ್ಪ ಕ್ಷಾರ ಸೇರಿಸಿ ಸುಮಾರು 850ರಿಂದ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಸಿಗುತ್ತೆ. ಈಜಿಪ್ಟಿನವರು 4,500 ವರ್ಷಗಳ ಹಿಂದೆಯೇ ಇದನ್ನು ತಯಾರಿಸುತ್ತಿದ್ದರು.

ಇದೇ ವಸ್ತು ಖನಿಜವಾಗಿ ಸಿಗೋದು ತೀರಾ ಅಪರೂಪ. ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯಲ್ಲಿ ಸಿಕ್ಕ ಹರಳುಗಳನ್ನು 1938ರಲ್ಲಿ ವರ್ಣಿಸಿ ಕುಪ್ರೊರಿವೈಟ್ ಎಂದು ಹೆಸರಿಟ್ಟರು. ಅಂದರೆ ಮನುಷ್ಯ ಮೊದಲು ಮಾಡಿದ, ಪ್ರಕೃತಿಯಲ್ಲಿ ಆಮೇಲೆ ಕಂಡ!

ಗುರುತಿಸುವುದು

ಬರಿಗಣ್ಣು ಇಲ್ಲಿ ಮೋಸ ಹೋಗುತ್ತೆ. ಲಾಪಿಸ್ ಲಾಜುಲಿಯೂ ನೀಲಿ, ಅಜುರೈಟೂ ನೀಲಿ. ಅಜುರೈಟ್ ಕಾರ್ಬೊನೇಟ್ ಆದ್ದರಿಂದ ಆಮ್ಲ ಬಿದ್ದರೆ ನೊರೆ ಬರುತ್ತೆ, ಕುಪ್ರೊರಿವೈಟ್ ಜಗ್ಗಲ್ಲ. ಆದರೆ ಶಾಸನದ ಮೇಲೆ ಆಮ್ಲ ಹಾಕಿ ನೋಡೋದಂತೂ ಆಗದ ಮಾತು.

ಅದೃಷ್ಟಕ್ಕೆ ಈ ಖನಿಜಕ್ಕೆ ಒಂದು ವಿಶೇಷ ಗುಣವಿದೆ. ಕಣ್ಣಿಗೆ ಕಾಣುವ ಬೆಳಕು, ಮುಖ್ಯವಾಗಿ ಕೆಂಪು, ಬಿದ್ದಾಗ ಅದರೊಳಗಿನ ತಾಮ್ರ ಆ ಶಕ್ತಿಯನ್ನು ಹೀರಿಕೊಂಡು ಸುಮಾರು 910 ನ್ಯಾನೋಮೀಟರಿನ ಇನ್‌ಫ್ರಾರೆಡ್ ಬೆಳಕಾಗಿ ಹೊರಬಿಡುತ್ತೆ. ನಮ್ಮ ಕಣ್ಣಿಗೆ ಇದು ಕಾಣಲ್ಲ, ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸೆನ್ಸರಿಗೆ ಕಾಣುತ್ತೆ. ಆದರೆ ಸಾಮಾನ್ಯ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇರುತ್ತೆ. ಅದನ್ನು ತೆಗೆಸಿ, ಕಾಣುವ ಬೆಳಕನ್ನೇ ತಡೆಯುವ ಫಿಲ್ಟರ್ ಹಾಕಬೇಕು. ಕೋಣೆ ಪೂರ್ತಿ ಕತ್ತಲಾಗಿರಬೇಕು, ಬೆಳಕಿಗೆ ಎಲ್‌ಇಡಿ ಬೇಕು. ಬಿಸಿಲು ಅಥವಾ ಹಳೇ ತಂತಿಯ ಬಲ್ಬ್ ಬಳಸಿದರೆ ಅವುಗಳಲ್ಲೇ ಇನ್‌ಫ್ರಾರೆಡ್ ಇರೋದರಿಂದ ಎಲ್ಲವೂ ಹೊಳೆದು ದಾರಿ ತಪ್ಪಿಸುತ್ತೆ.

ನಾನು ಒಂದು ಹಳೇ ವೆಬ್‌ಕ್ಯಾಮ್ ಬಿಚ್ಚಿ ಪ್ರಯತ್ನಿಸಿದೆ. ಒಂದು ತಟ್ಟೆಯಲ್ಲಿ ಕೊಂಡುತಂದ ಈಜಿಪ್ಷಿಯನ್ ನೀಲಿಯ ಪುಡಿ, ಪಕ್ಕದಲ್ಲೇ ಬಟ್ಟೆಗೆ ಹಾಕುವ ನೀಲಿ ಪುಡಿ. ಬಟ್ಟೆಯ ನೀಲಿ ಕತ್ತಲಲ್ಲಿ ಕರಗಿತು, ಇನ್ನೊಂದು ಕೆಂಡದ ಹಾಗೆ ಬೆಳ್ಳಗೆ ಹೊಳೆಯಿತು.

ಇದೇ ವಿಧಾನದಿಂದ ಜಿಯೋವಾನಿ ವೆರ್ರಿ ಅವರು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಪಾರ್ಥೆನಾನ್ ಶಿಲ್ಪಗಳನ್ನು ಪರೀಕ್ಷಿಸಿದರು. ಬರೀ ಅಮೃತಶಿಲೆ ಅನ್ನಿಸುತ್ತಿದ್ದ ಐರಿಸ್ ದೇವತೆಯ ಸೊಂಟಪಟ್ಟಿಯಲ್ಲಿ ನೀಲಿ ಪತ್ತೆಯಾಯಿತು.

ಎರಡು ಎಚ್ಚರಿಕೆ. ಪ್ರಾಚೀನ ಚೀನಾದ ಹಾನ್ ನೀಲಿಯಲ್ಲಿ ಕ್ಯಾಲ್ಸಿಯಂ ಬದಲು ಬೇರಿಯಂ ಇದೆ, ಅದೂ ಹೀಗೆಯೇ ಹೊಳೆಯುತ್ತೆ. ಹಾಗಾಗಿ ಹೊಳಪು ಕುಟುಂಬದ ಗುರುತು ಅಷ್ಟೇ; ಖಚಿತಪಡಿಸಲು ರಾಮನ್ ಸ್ಪೆಕ್ಟ್ರಮ್ ಅಥವಾ ಎಕ್ಸ್-ರೇ ಪರೀಕ್ಷೆ ಬೇಕು. ಇನ್ನೊಂದು, ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಬಣ್ಣವೇ ಇರಲಿಲ್ಲ ಅಂತಲ್ಲ.

ನಮಗೇನು?

ನಮ್ಮ ಶಾಸನಗಳಲ್ಲಿ ಈ ನೀಲಿ ಸಿಗುತ್ತೆ ಅಂತ ನಾನು ಹೇಳ್ತಿಲ್ಲ. ಹೇಳಬೇಕಾದ್ದು ಬೇರೆ. ಹವ್ಯಾಸ ಶುರುವಾದ ಹೊಸದರಲ್ಲಿ ಒಂದು ಊರಿನ ಕಲ್ಲನ್ನು ತಂತಿ ಬ್ರಶ್‌ನಿಂದ ಉಜ್ಜಿ ತೊಳೆದಿದ್ದೆ. ಒಂದು ಅಕ್ಷರದ ತಳದಲ್ಲಿ ಕೆಂಪಗೆ ಏನೋ ಇತ್ತು. ಕುಂಕುಮವೋ, ಹಳೇ ಬಣ್ಣವೋ, ನೋಡುವ ಮೊದಲೇ ನೀರಲ್ಲಿ ಹೋಯಿತು. ಪಾಠ ಚೆನ್ನಾಗಿ ಓದಲು ಸಿಕ್ಕಿತು, ನಿಜ. ಆದರೆ ಆ ಕೆಂಪು ಏನಿತ್ತು ಅಂತ ಇನ್ನು ಯಾವ ಕ್ಯಾಮೆರಾವೂ ಹೇಳಲಾರದು.

ಆದ್ದರಿಂದ ಸ್ನೇಹಿತರೇ, ಮುಂದಿನ ಸಲ ಮೈದಾ ಹಿಟ್ಟು, ಚಾಕ್‌ಪೀಸ್, ಬ್ರಶ್ ಕೈಗೆತ್ತಿಕೊಳ್ಳುವ ಮೊದಲು ಲೆನ್ಸ್ ಹಿಡಿದು ಅಕ್ಷರದ ತಳ ನೋಡಿ, ಹತ್ತಿರದಿಂದ ಫೋಟೋ ತೆಗೆಯಿರಿ. ಬಣ್ಣದ ಚುಕ್ಕೆ ಕಂಡರೆ ಮುಟ್ಟಬೇಡಿ. ಓದೋದು ನಾಳೆಯೂ ಆಗುತ್ತೆ.